ತಲೆಕೆಳಗಾದ ಎರಡು ಪುಟ

"ನನ್ನ ಫೈಲ್ ಯಾಕ ತಗದ್ರಿ?"

ಪೂನಮ್ ಕೈಯಲ್ಲಿದ್ದ ಹಾಳೆಯನ್ನು ಕಾಂತೇಶನ ಕೀಬೋರ್ಡಿನ ಮೇಲೆ ಬಡಿದಳು. ಪಕ್ಕದ ಚಹಾದ ಕಪ್ಪೂ ಬೆಚ್ಚಿತು!

ಬೈಲಹೊಂಗಲದ ಆ ಖಾಸಗಿ ಆಸ್ಪತ್ರೆಯ ರೆಕಾರ್ಡ್ ರೂಮಿಗೆ ಆರು ವರ್ಷದಿಂದ ಪೂನಮ್ಮೇ ಒಡತಿ. ಹಳೆಯ ಫೈಲುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಲು ನಾಲ್ಕು ತಿಂಗಳ ಹಿಂದೆ ಬಂದವನು ರಾಮದುರ್ಗದ ಕಾಂತೇಶ. ಅಂದಿನಿಂದ ಇಬ್ಬರಿಗೂ ಎಣ್ಣೆ–ಸೀಗೆಕಾಯಿ.

ಒಂದು ಫೈಲನ್ನು ಮಾತ್ರ ಅವಳು ಕೊನೆಯವರೆಗೂ ಬಿಟ್ಟುಕೊಟ್ಟಿರಲಿಲ್ಲ. ಅದು ಅವಳದೇ ಚಿಕಿತ್ಸೆಯ ಫೈಲು.

"'ಕೊಡ್ರಿ ಮೇಡಮ್... ಯಾರ ತಗದ್ರೂ ಕಂಪ್ಯೂಟರ್ ಹೆಸರ ನೆನಪಿಡತೈತ್ರಿ... ಕಪಾಟಿಗಿಂತ ಸೇಫ್ರಿ!'" ಅವನ ಮೂಗಿನ ದನಿಯನ್ನೇ ಎತ್ತಿ ಅಣಕಿಸಿದಳು. "ನಂಬಿ ಕೊಟ್ಟೆ. ಎರಡು ಪುಟ ತಲೆಕೆಳಗ ಸ್ಕ್ಯಾನ್ ಮಾಡಿದ್ರಿ, ಹೋಗ್ಲಿ ಅಂದೆ. ಈಗ ಯಾರ ತಗದ್ರಂತ ಕಂಪ್ಯೂಟರ್ ಕೊಟ್ಟ ಈ ಪಟ್ಟಿ ನೋಡ್ರಿ. ಸೋಮವಾರ, ಹನ್ನೊಂದು ಇಪ್ಪತ್ತು, ಕಾಂತೇಶ!"

"ಏನಾತು, ಮೊದಲ ಹೇಳ್ರಿ..."

"ನನ್ನ ನೋಡಾಕ ಬಂದಿದ್ದ ನೇಸರಗಿ ಗಂಡಿನವರು ಫೋನ್ ಮಾಡಿದ್ರು. 'ಹುಡುಗಿ ಜಡ್ಡು ಗೊತ್ತಾಗೇತಿ, ಬ್ಯಾಡ' ಅಂದ್ರಂತ. ನಮ್ಮವ್ವ ನಿನ್ನೆಯಿಂದ ಒಲಿ ಹಚ್ಚಿಲ್ಲ!"

ಮದುವೆಯ ಮಾತು ಶುರುವಾದರೆ ಗಂಡಿನ ಕಡೆಯವರು ರೆಕಾರ್ಡ್ ರೂಮಿನ ಬಾಗಿಲಿಗೂ ಬಂದು, ಹುಡುಗಿಗೆ ಏನಾದರೂ ಜಡ್ಡಿದೆಯೇ ಎಂದು ಪಿಸುಗುಡುತ್ತಾರೆ. ಅಂಥವರನ್ನು ಎಷ್ಟು ಸಲ ಬೈದು ಓಡಿಸಿದ್ದಳೋ!

'ಊರಿನವರ ಗುಟ್ಟೆಲ್ಲ ಕಾಯ್ದೆ... ನನ್ನದೇ ಕಾಯಲಿಲ್ಲವಲ್ಲ...'

ಕಾಂತೇಶ ಹಾಳೆಯನ್ನು ದಿಟ್ಟಿಸಿದ. "ಸೋಮವಾರ ಆ ಹೊತ್ತಿಗೆ ನಾ ಎಲ್ಲಿದ್ದೆ? ನೀವ ನೆನಪ ಮಾಡ್ರಿ."

ಅವಳಿಗೆ ನೆನಪಾಯಿತು. ಅವನು ರೆಕಾರ್ಡ್ ರೂಮಿನಲ್ಲಿ ಅವಳ ಕಣ್ಣೆದುರೇ ಏಣಿಯ ಮೇಲಿದ್ದ! ಧೂಳಿಗೆ ಏಳು ಸಲ ಸೀನಿದ್ದ. ಪ್ರತಿ ಸೀನಿಗೂ ಅವಳು ಬೈದಿದ್ದಳು.

"ಹಂಗಾರ... ಯಾರು?"

"ಆಗ ನನ್ನ ಕಂಪ್ಯೂಟರಿಗೆ ಕುಂತಾವ, ಪೇಷಂಟರ ಚೀಟಿ ಮಾಡೋ ದುರ್ಗಪ್ಪ. ಅವನ ಬೀಗರು ನೇಸರಗಿಯವರು. ನಾ ಇಲ್ಲದಾಗ ಪೇಷಂಟರ ಪಾಳಿ ಉದ್ದ ಆಗತೈತಿ ಅಂತ ನನ್ನ ಪಾಸ್‌ವರ್ಡ್ ನಾನೇ ಎಲ್ಲಾರಿಗೂ ಹೇಳಿದ್ದೆ."

"ಥೂ! ಕೀಲಿ ಹಾಕಿ ಕೀಲಿಕೈ ಬಾಗಲಿಗೇ ತೂಗಬಿಟ್ಟೀರಿ!"

"ತಪ್ಪು ನಂದ್ರಿ."

"ನಿಮ್ಮ ತಪ್ಪು ತಗೊಂಡು ಉಪ್ಪಿನಕಾಯಿ ಹಾಕ್ಲೇನು?"

ಮೂರು ದಿನ ಅವನತ್ತ ತಿರುಗಿಯೂ ನೋಡಲಿಲ್ಲ.

ನಾಲ್ಕನೆಯ ದಿನ ಅವನು ರೆಕಾರ್ಡ್ ರೂಮಿನ ಹೊಸ್ತಿಲಾಚೆಯೇ ನಿಂತು ಒಂದು ಪತ್ರ ಚಾಚಿದ. ತಪ್ಪೆಲ್ಲ ಒಪ್ಪಿಕೊಂಡು ದೊಡ್ಡ ಡಾಕ್ಟರಿಗೆ ಬರೆದದ್ದು. ಇನ್ನು ಒಬ್ಬೊಬ್ಬರಿಗೂ ಬೇರೆ ಪಾಸ್‌ವರ್ಡ್. ದುರ್ಗಪ್ಪನನ್ನು ಕೆಲಸದಿಂದ ತೆಗೆದಿದ್ದರು. ಕಾಂತೇಶನ ಕೆಲಸ ಉಳಿಯುವುದೂ ಖಾತ್ರಿಯಿರಲಿಲ್ಲ.

"ಇದರಿಂದ ನನ್ನ ಸುದ್ದಿ ವಾಪಸ್ ಬರತೈತೇನು?"

"ಇಲ್ರಿ."

"ಎಲ್ಲಾ ಓದಿ, ಈಗ ಕನಿಕರ ತೋರಸಾಕ ಬಂದೀರಿ!"

"ಓದಿಲ್ಲ."

"ಸುಳ್ಳ! ಸ್ಕ್ಯಾನ್ ಮಾಡಿದವರು ಯಾರು?"

"ಅಕ್ಷರ ಕಣ್ಣಿಗೆ ಬೀಳಬಾರದಂತ ಹಾಳಿ ಬೋರಲ ಹಿಡಕೊಂಡು ಮಾಡಿದೆ. ಅದಕ್ಕ... ಮ್ಯಾಲ ಯಾವುದು ಕೆಳಗ ಯಾವುದು ತಿಳೀದ ಎರಡು ತಲೆಕೆಳಗ ಆದವು."

ಪೂನಮ್ ಅವನ ಮುಖವನ್ನು ಸಿಡುಕದೆ ನೋಡಿದಳು. ನಾಲ್ಕು ತಿಂಗಳಲ್ಲಿ ಮೊದಲ ಸಲ!

"ಎಲ್ಲಾರದೂ ಹಂಗ ಮಾಡ್ತೀರೇನು?" ದನಿ ಯಾಕೋ ಇಳಿದಿತ್ತು.

"ನಿಮ್ಮದಷ್ಟ. ಅದನ್ನ ನಿಮ್ಮ ಬಾಯಿಂದ ಕೇಳೂ ಆಸೆ ಇತ್ತು... ರಾಮದುರ್ಗದ ಮೊದಲನೇ ಬಸ್ಸು ನಾ ಬರೇ ಕೆಲಸಕ್ಕ ಹಿಡಿಯೂದಿಲ್ರಿ, ಪೂನಮ್."

ಅವಳು ಕಾಲಿನಿಂದ ಸ್ಟೂಲನ್ನು ಅವನತ್ತ ತಳ್ಳಿದಳು.

"ಕುಂದರ್ರಿ. ಹದಿನಾರಕ್ಕ ಫಿಟ್ಸ್ ಶುರು ಆತು. ಎಂಟು ವರ್ಷ ಆತು, ಬಂದಿಲ್ಲ. ಗುಳಗಿ ಇನ್ನೂ ಐತಿ."

"ಎಷ್ಟಕ್ಕ ತಗೋತೀರಿ?"

ನೋಡಲು ಬಂದವರಲ್ಲಿ ಒಬ್ಬರೂ ಕೇಳದ ಮಾತು! ಕಣ್ಣು ತುಂಬಿತು, ಗದರುವುದನ್ನು ಮಾತ್ರ ಬಿಡಲಿಲ್ಲ.

"ರಾತ್ರಿ ಒಂಬತ್ತಕ್ಕ. ಯಾಕ, ಅದನ್ನೂ ಕಂಪ್ಯೂಟರಿಗೆ ಏರಸ್ತೀರೇನು?"

"ಇಲ್ರಿ... ಇದನ್ನ ನಾ ನೆನಪಿಡತೇನಿ."