ಕೊನೇ ಮನೆಯ ವೋಲ್ಟೇಜ್

ಶಿವಮೊಗ್ಗದಿಂದ ಭದ್ರಾವತಿಗೆ ಈ ತಿಂಗಳು ಇದು ಒಂಬತ್ತನೇ ಸಲ. ಬಸ್ಸಿಳಿಯುವ ಹೊತ್ತಿಗೇ ಉಮಾಮಹೇಶ್ವರಿಗೆ ಸಾಕುಸಾಕಾಗಿತ್ತು.

ಹಳೇ ಕಾಲೊನಿಯ ನಲವತ್ತು ಮನೆಗಳಿಗೆ ಸೋಲಾರ್, ಬ್ಯಾಟರಿ ಸೇರಿಸಿ ಪುಟ್ಟದೊಂದು ಗ್ರಿಡ್ ಮಾಡಿದ್ದಳು. ವೋಲ್ಟೇಜನ್ನು ೨೪೦ರಿಂದ ೨೨೦ಕ್ಕೆ ಇಳಿಸಿದರೆ ಕರೆಂಟು ಉಳಿಯುತ್ತದೆ ಎಂಬುದು ಅವಳ ಲೆಕ್ಕ. ತಿಂಗಳ ಕೊನೆಯ ವಾರ ನೂರಕ್ಕೆ ಐದರಷ್ಟಾದರೂ ಉಳಿಸಿ ತೋರಿಸದಿದ್ದರೆ ಯೋಜನೆಯೇ ಬಂದ್. ಆದರೆ ದಿನಾ ಬೆಳಿಗ್ಗೆ ಆರಕ್ಕೆ ಯಾರೋ ವೋಲ್ಟೇಜ್ ಏರಿಸುತ್ತಿದ್ದರು. ಯಾರೋ ಏನು, ಆಪರೇಟರ್ ಮನೋಹರನೇ. ಕಂಟ್ರೋಲ್ ರೂಮಿನ ಕೀಲಿ ಇದ್ದದ್ದು ಅವನ ಹತ್ತಿರ ಮಾತ್ರ.

“ಮತ್ತೆ ಏರಿಸಿದ್ರಾ?”

“ಏರಿಸ್ದೆ ಮೇಡಂ.”

“ನಾನೇನು ನಿಮ್ಮನ್ನ ಬೈಯೋಕೇ ಹುಟ್ಟಿದೀನೇನ್ರೀ?”

ಅವನು ತುಟಿಯಂಚಿನಲ್ಲಿ ನಕ್ಕ. ಆ ನಗು ಕಂಡರೆ ಅವಳ ಸಿಟ್ಟು ಅರ್ಧ ಇಳಿದುಬಿಡುತ್ತಿತ್ತು. ಅದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು.

“ಬನ್ನಿ, ತೋರಿಸ್ತೀನಿ” ಎಂದು ವೋಲ್ಟೇಜ್ ಇಳಿಸಿ, ಅವಳನ್ನು ಸಾಲಿನ ಕೊನೇ ಮನೆಗೆ ಕರೆದೊಯ್ದ.

ಅದು ದೋಸೆಹಿಟ್ಟು ರುಬ್ಬಿ ಮಾರುವ ಕಾಳಮ್ಮನ ಮನೆ. ಸ್ವಿಚ್ ಹಾಕಿದರೆ ಗ್ರೈಂಡರ್ ಗುಂಯ್‌ಗುಟ್ಟಿತೇ ಹೊರತು ತಿರುಗಲಿಲ್ಲ. ಉಮಾ ಮೀಟರ್ ಹಿಡಿದು ನೋಡಿದಳು. ೧೮೫! ಹಳೇ ತೆಳು ವೈರು ದಾರಿಯಲ್ಲೇ ಮೂವತ್ತೈದು ವೋಲ್ಟ್ ನುಂಗುತ್ತಿತ್ತು. ಇಷ್ಟು ದಿನ ಅವಳು ಅಳೆದದ್ದು ಕಂಟ್ರೋಲ್ ರೂಮಿನಲ್ಲಿ ಮಾತ್ರ. ತಪ್ಪು ತನ್ನದೇ ಎಂದು ಗೊತ್ತಾಗಿ ಅವಳ ಮುಖ ಸಪ್ಪಗಾಯಿತು.

“ಈವಪ್ಪ ಏರ್ಸಿದ್ರೇನೇ ಕಣವ್ವ ನನ್ ಹೊಟ್ಟೆಪಾಡು” ಎಂದಳು ಕಾಳಮ್ಮ.

ಹೊರಗೆ ಬಂದ ಮೇಲೆ ಉಮಾ ಕೇಳಿದಳು, “ಮೊದ್ಲೇ ಹೇಳೋಕೇನಾಗಿತ್ತು?”

“ಹೇಳಿದ್ರೆ ಒಂದೇ ದಿನಕ್ಕೆ ಸರಿ ಮಾಡ್ತಿದ್ರಿ. ಆಮೇಲೆ ಬೈಯೋಕಾದ್ರೂ ಯಾಕ್ ಬರ್ತಿದ್ರಿ?” ಅವನು ಬೇರೆಲ್ಲೋ ನೋಡುತ್ತ ಹೇಳಿದ. “ಯೋಜನೆ ಬಂದ್ ಆಗುತ್ತೆ ಅಂತ ನಿನ್ನೆ ಗೊತ್ತಾಯ್ತು. ಅದಕ್ಕೇ ಬಾಯಿಬಿಟ್ಟೆ.”

ಬೈಯಬೇಕೆಂದುಕೊಂಡಳು. ಆದರೆ ಫೋನ್ ತೆಗೆದು ಕೇಬಲ್ ತರಿಸಲು ಹೇಳಿದಳು.

ಅವತ್ತೇ ದಪ್ಪ ಕೇಬಲ್ ಎಳೆದರು. ಅವನು ಕಂಬ ಹತ್ತಿದ, ಇವಳು ಏಣಿ ಹಿಡಿದಳು. ೨೨೦ರಲ್ಲೇ ಗ್ರೈಂಡರ್ ತಿರುಗಿತು.

ತಿಂಗಳು ಮುಗಿದ ದಿನ ಅವಳೇ ಸುದ್ದಿ ತಂದಳು. “ಐದೂವರೆ ಪರ್ಸೆಂಟ್. ಯೋಜನೆ ಉಳೀತು. ಇನ್ಮೇಲೆ ಮೀಟರ್ ಲೆಕ್ಕ ಎಲ್ಲಾ ಫೋನಲ್ಲೇ ಕಾಣುತ್ತೆ.”

“ಹಂಗಾದ್ರೆ ನೀವು ಬರೋ ಕೆಲ್ಸ ಇಲ್ಲ.”

“ಇಲ್ಲ.”

ಗೆದ್ದ ಮೇಲೂ ಇಷ್ಟೊಂದು ಸುಸ್ತೇ ಅನ್ನಿಸಿ ಅವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು.

“ಭಾನುವಾರ ಬರ್ತೀನಿ.”

“ಕೆಲ್ಸ ಇಲ್ಲ ಅಂದ್ರಲ್ಲ?”

“ನಿಮ್ಮಮ್ಮನ್ನ ಮಾತಾಡಿಸೋಕೆ. ದಣಿದು ಹೋಗಿದೀನಿ ಮಾರಾಯ್ರೆ, ಇದನ್ನೂ ನಾನೇ ಬಿಡಿಸಿ ಹೇಳ್ಬೇಕಾ?”