ಮಚ್ಚಾ ಕಲಕಿದ ಮಧ್ಯಾಹ್ನ

ಇದನ್ನು ನಂಬಿ ಎಂದು ನಾನು ಯಾರ ಕಾಲಿಗೂ ಬೀಳುವುದಿಲ್ಲ. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವನು, ಕಥೆ ಕಟ್ಟಲು ಬರುವುದಿಲ್ಲ.

ಗುರುಗ್ರಾಮದಲ್ಲಿ ಪೊನ್ನಣ್ಣ ಅಂಕಲ್ ಅವರ ಮಚ್ಚಾ ಎಂಬ ಜಪಾನಿ ಟೀ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಮಿಲಿಟರಿಯಿಂದ ರಿಟೈರ್ ಆದ ಅವರು ಗೋಡೆಯ ತುಂಬ ಹಳೆಯ ಜಪಾನಿ ಮ್ಯಾಗಜಿನ್‌ಗಳನ್ನು ಜೋಡಿಸಿದ್ದರು. ಹಸಿರು ಟೀಪುಡಿಯನ್ನು ಬಿಸಿನೀರಿಗೆ ಹಾಕಿ, ಬಿದಿರಿನ ಕುಂಚದಿಂದ ಹಿಂದೆ ಮುಂದೆ ಕಲಕಿ ನೊರೆ ಬರಿಸಬೇಕು. ನನ್ನ ಕೈ ಮಾತ್ರ ದುಂಡಗೇ ತಿರುಗುತ್ತಿತ್ತು.

"ಮಜ್ಜಿಗೆ ಕಡೀತಿದ್ದೀಯೇನೋ? ಮಾನೇಸರ್ ಫ್ಯಾಕ್ಟರಿಯಿಂದ ಜಪಾನಿ ಸಾಹೇಬರು ಬರ್ತಿದ್ದಾರೆ. ನೊರೆ ಬರ್ಲಿಲ್ವಾ, ಚಲೋ, ನಾಳೆಯಿಂದ ಬರಬೇಡ!" ಎಂದರು ಅಂಕಲ್.

ಇದು ನನ್ನ ಮೂರನೇ ಕೆಲಸ. ಸಿಟ್ಟಿನಿಂದ ಒಂದು ಮ್ಯಾಗಜಿನ್ ಎಳೆದು ತೆರೆದೆ. ಕಿಮೋನೊ ಉಟ್ಟ ಮುದುಕಿಯೊಬ್ಬಳು ನಸುನಗುತ್ತ ಟೀ ಕಲಕುತ್ತಿರುವ ಚಿತ್ರ. ಜೂನ್ ಮಧ್ಯಾಹ್ನ, ಕರೆಂಟ್ ಇಲ್ಲ, ಅಂಗಿ ಬೆನ್ನಿಗೆ ಅಂಟಿತ್ತು. ಆ ಪುಟ ಮಾತ್ರ ತಣ್ಣಗಿತ್ತು.

"ನಗ್ತೀಯಾ? ಬಂದು ಹೇಳಿಕೊಡು ನೋಡೋಣ!" ಎಂದು ಚಿತ್ರಕ್ಕೇ ಬೈದು ಕಲಕತೊಡಗಿದೆ.

ಮಣಿಕಟ್ಟು ತಣ್ಣಗಾಯಿತು. ಕೈ ದುಂಡಗೆ ತಿರುಗುವುದು ನಿಂತು, ಹಿಂದೆ ಮುಂದೆ ಹಗುರಾಗಿ ಆಡಿತು. ಬಟ್ಟಲಿನ ತುಂಬ ನುಣುಪಾದ ನೊರೆ ಬಂತು. ಹೆದರಿ ಕುಂಚ ಕೆಳಗಿಟ್ಟೆ. ಕಲಕುವ ಸರಸರ ಸದ್ದು ಇನ್ನೂ ಕೇಳುತ್ತಲೇ ಇತ್ತು. ಶಾಲೆಯಲ್ಲಿ ಯಾರೂ ನನಗೆ ಹೀಗೆ ಕೈ ಹಿಡಿದು ಕಲಿಸಿರಲಿಲ್ಲ.

ಸಾಹೇಬರು ಬಂದರು, ಕುಡಿದರು, ಕಣ್ಣು ಮುಚ್ಚಿದರು.

"ಶಭಾಷ್ ಮಗನೇ, ಇಲ್ಲೇ ಇರು," ಎಂದರು ಅಂಕಲ್.

ಹೊರಡುವಾಗ ಅವರಲ್ಲಿ ಹಿರಿಯ ಸಾಹೇಬರು ನನಗೆ ತಲೆಬಾಗಿದರು. ಆಮೇಲೆ ನನ್ನ ಎಡಕ್ಕೆ, ಯಾರೂ ಇಲ್ಲದ ಕಡೆ ತಿರುಗಿ, ಸೊಂಟ ಬಗ್ಗಿಸಿ ಇನ್ನೂ ಆಳವಾಗಿ ನಮಸ್ಕರಿಸಿದರು.