ಓಡಿದವನ ಉಸಿರು

"ಮೊಟ್ಟೆ ಮುಟ್ಟಬೇಡ," ಅಂದಳು ನಾ ಶೋರ್ಮೆ. "ಅವಳ ಮುಂದೆ ಮೊಟ್ಟೆ ಒಡೆಯೋದು ಹುಡುಗಾಟ ಅಲ್ಲ ಮಗ."

ಲಾಂಟೆ ನಕ್ಕ. ಚಿಕ್ಕಂದಿನಲ್ಲೇ ಸೋದರತ್ತೆಯ ಜೊತೆ ಲಂಡನ್ನಿಗೆ ಹೋದವನು, ಅಣ್ಣ ಅಯಿಕುವಿಗೂ ಸೋವಾನಿಗೂ ಆಗಬೇಕಿದ್ದ ಬಾಕ್ಸಿಂಗ್ ಪಂದ್ಯದ ಪ್ರಚಾರ ನೋಡಿಕೊಳ್ಳಲೆಂದು ಈಗ ಅಕ್ರಾದ ಬುಕೋಮಿಗೆ ಮರಳಿದ್ದ. ನಾ ಶೋರ್ಮೆ ಹಿನ್ನೀರಿನ ತಾಯಿಯ ಪೂಜಾರಿಣಿ. ತಾಯಿ ಮೈಮೇಲೆ ಬಂದರೆ ತಾಯಿಯ ದನಿಯಲ್ಲೇ ಮಾತಾಡುವವಳು. ಅವಳ ಗುಡಿಸಲಿನ ತುಂಬ ಹೊಗೆಮೀನಿನ ವಾಸನೆ, ಹಳೇ ಜಿನ್ನಿನ ವಾಸನೆ.

"ಅಜ್ಜಿ, ಅಣ್ಣ ಕ್ಯಾಮೆರಾ ಮುಂದೆ ಒಂದು ಮೊಟ್ಟೆ ಒಡೀತಾನೆ, ನಾಲ್ಕು ಶಾಪದ ಮಾತು ಹೇಳ್ತಾನೆ. ಸೋವಾ ಉರ್ಕೊಂಡು ಬಂದು ಪಂದ್ಯಕ್ಕೆ ಒಪ್ಕೋತಾನೆ. ನಿಮ್ಮ ತಾಯಿಗೂ ಒಂಚೂರು ಹೆಸರು ಬರತ್ತೆ."

"ನೀನು ಸೋವಾ ಹೆಸರು ಹೇಳಿಸ್ತೀಯ. ಅವಳು ಹೆಸರು ನೋಡಲ್ಲ, ತಪ್ಪು ಯಾರ್ದು ಅಂತ ನೋಡ್ತಾಳೆ. ಆಮೇಲೆ ಶಾಪ ಹಾಕಿದ ಬಾಯೇ ಬಂದು ಬಿಡಿಸ್ಬೇಕು. ಬೇರೆ ಬಾಯಿ ನಡೆಯಲ್ಲ."

"ನಮ್ಮಣ್ಣನ ಬಾಯಿ ದೊಡ್ಡದೇ ಇದೆ ಬಿಡಿ."

ಜೊತೆಗೆ ಬಂದವರು ನಕ್ಕರು. ಮುದುಕಿ ನಗಲಿಲ್ಲ.

ನಮ್ಮ ಬುಕೋಮಿನಲ್ಲಿ ಮಗು ನಡೆಯುವ ಮೊದಲೇ ಗುದ್ದಲು ಕಲಿಯುತ್ತದೆ ಎಂದು ನಾವೇ ಜಂಬ ಕೊಚ್ಚಿಕೊಳ್ಳುವುದುಂಟು. ಒಂದೇ ಗರಡಿಯಲ್ಲಿ, ಒಂದೇ ಮರಳುಚೀಲಕ್ಕೆ ಗುದ್ದಿ ಬೆಳೆದ ಅಯಿಕುವೂ ಸೋವಾನೂ ಹೆವಿವೇಯ್ಟ್ ಚಾಂಪಿಯನ್ನರಾಗಿ, ಒಬ್ಬೊಬ್ಬರ ಸೊಂಟಕ್ಕೆ ಒಂದೊಂದು ವಿಶ್ವ ಬೆಲ್ಟ್ ಬಂದಾಗ ಓಣಿ ಎರಡು ಹೋಳಾಯಿತು. ಮೆಕ್ಕೆಜೋಳದ ಕೆಂಕೆ ಮುದ್ದೆ ಮಾರುವ ಅಯಿಕುವಿನ ಕಡೆಯವಳು ಸೋವಾನ ಕಡೆಯವರಿಗೆ ಖಾರದ ಚಟ್ನಿ ಬಡಿಸುತ್ತಿರಲಿಲ್ಲ. ಪಂದ್ಯ ಮಾತ್ರ ಆಗಲೊಲ್ಲದು. ಈಸ್ಟರಿಗೆ ಎಂದರು, ಹೋಮೋವೋ ಹಬ್ಬಕ್ಕೆ ಎಂದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಪ್ರತಿಸಲವೂ ಹಿಂದೆ ಸರಿದವನು ಸೋವಾನೇ. ಒಮ್ಮೆ ಭುಜ ನೋವು ಎಂದ, ಇನ್ನೊಮ್ಮೆ ಹೆಂಡತಿಗೆ ಹೆರಿಗೆ ಎಂದ.

"ಹೆರೋದು ಅವನೋ ಅವನ ಹೆಂಡ್ತಿಯೋ, ಕೇಳ್ಕೊಂಡು ಬನ್ನಿ," ಎಂದು ಲಾಂಟೆ ಅಣ್ಣನ ಬಾಯಲ್ಲಿ ಹೇಳಿಸಿದ. ಊರು ಹೊಟ್ಟೆ ಹಿಡಿದು ನಕ್ಕಿತು. ಸೋವಾ ತಿರುಗಿ ಒಂದು ಮಾತೂ ಆಡಲಿಲ್ಲ. ಅಷ್ಟು ದೊಡ್ಡ ಆಳು ಅಷ್ಟು ಬೈಗುಳ ತಿಂದು ಯಾಕೆ ಸುಮ್ಮನಿದ್ದಾನೆ ಎಂದು ನಮ್ಮಲ್ಲಿ ಒಬ್ಬರಾದರೂ ಯೋಚಿಸಬೇಕಿತ್ತು.

ಲಾಂಟೆ ಕೆಟ್ಟವನಲ್ಲ. ಪರದೇಶದ ಚಳಿಯಲ್ಲಿ ಅವನನ್ನು ಬೆಚ್ಚಗಿಟ್ಟದ್ದು ಅಣ್ಣನ ಹೆಸರೊಂದೇ. ಆ ಅಣ್ಣ ಲೋಕಕ್ಕೆ ಒಬ್ಬನೇ ಚಾಂಪಿಯನ್ ಆಗುವುದನ್ನು ಕಣ್ಣಾರೆ ನೋಡಬೇಕು, ಅಷ್ಟೇ ಅವನ ಆಸೆ.

ಮೊಟ್ಟೆ ಒಡೆಯಬೇಕಿದ್ದ ದಿನ ಬೆಳಿಗ್ಗೆ ಅಯಿಕು, "ಈ ಶಾಪದ ಮಾತು ಬೇಡ ಲಾಂಟೆ," ಅಂದ. "ಅವನ ಮೂಗಿನ ಬಗ್ಗೆ ಏನಾದ್ರೂ ಹೇಳ್ತೀನಿ."

"ಮೂಗು ಹೋದ ತಿಂಗಳೇ ಮುಗೀತಲ್ಲಣ್ಣ. ಏನು, ನಿಂಗೂ ಮುದುಕಿ ಭಯನಾ?"

ಅಯಿಕು ತಮ್ಮನ ಮುಖವನ್ನೇ ನೋಡಿದ. ಅವನ ಎಡಗೈ ಮೇಜಿನ ಕೆಳಗಿತ್ತು. "ಇಲ್ಲ," ಅಂದ.

ಮಧ್ಯಾಹ್ನ ಹಿನ್ನೀರಿನ ದಡದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಪ್ಪು ನೀರು ಕೊಳೆತು ನಾರುತ್ತಿತ್ತು. ಅಯಿಕು ಜಿನ್ ಸುರಿದ. ಮೊಟ್ಟೆ ಎತ್ತಿದ. ಅವನ ದನಿ ಗರಡಿಯ ಗಂಟೆಯ ಹಾಗೆ ಮೊಳಗಿತು.

"ತಾಯಿ, ಸೋವಾ ನನಗೆ ಹೆದರಿ ಓಡಿದ್ದಾನೆ. ಓಡಿದವನ ನಾಲಿಗೆ ಕಟ್ಟು. ಓಡಿದವನ ಉಸಿರು ಕಟ್ಟು."

ಮೊಟ್ಟೆ ಕಲ್ಲಿಗೆ ಬಡಿದು ಒಡೆಯಿತು. ಒಳಗೆ ಹಳದಿಯೂ ಇರಲಿಲ್ಲ, ಬಿಳಿಯೂ ಇರಲಿಲ್ಲ. ಹಿನ್ನೀರಿನದೇ ಕಪ್ಪು ನೀರು ಕಲ್ಲಿನ ಮೇಲೆ ಹರಿಯಿತು. ಹತ್ತಿರವಿದ್ದವರು ಹಿಂದೆ ಸರಿದರು. ಲಾಂಟೆ ಮಾತ್ರ ಕ್ಯಾಮೆರಾದವನಿಗೆ, "ಬಂತಾ, ಬಂತಾ?" ಎಂದು ಕೇಳುತ್ತಿದ್ದ.

ಸಂಜೆಯೊಳಗೆ ಆ ದನಿ ಧ್ವನಿವರ್ಧಕದ ವ್ಯಾನುಗಳನ್ನೇರಿ ಓಣಿ ಓಣಿ ಸುತ್ತುತ್ತಿತ್ತು. ಲಾಂಟೆಯೇ ಕಳಿಸಿದ್ದ. ಜನ ತಮಟೆ ಬಡಿದುಕೊಂಡು ಹಿಂದೆ ಕುಣಿಯುತ್ತಿದ್ದರು. ಮನೆಯಲ್ಲಿ ಅಣ್ಣತಮ್ಮ ಮೀನು ಕೆಂಕೆ ಇಟ್ಟುಕೊಂಡು ಕೂತಿದ್ದಾಗ ಕರೆಂಟು ಹೋಯಿತು.

ಕತ್ತಲಲ್ಲಿ ತಟ್ಟೆ ಉರುಳಿದ ಸದ್ದು.

"ಅಣ್ಣ?"

ನೀರಿನೊಳಗಿಂದ ಮಾತಾಡಿದಂಥ ಒಂದು ಗೊರಗೊರ. ಲಾಂಟೆ ಫೋನಿನ ಬೆಳಕು ಹಿಡಿದ. ಅಯಿಕು ಗೋಡೆಗೊರಗಿದ್ದ. ಬಾಯಿ ತೆರೆದಿತ್ತು, ನಾಲಿಗೆ ಒಂದು ಕಡೆ ಸೇದಿಕೊಂಡಿತ್ತು. ಬಾಯಿಂದ ಹಿನ್ನೀರಿನ ವಾಸನೆ.

ಹೊರಗೆ ವ್ಯಾನು ಸಮೀಪಿಸಿತು. ಅಯಿಕುವಿನದೇ ದನಿ. *ಓಡಿದವನ ಉಸಿರು ಕಟ್ಟು.*

ಅಯಿಕುವಿನ ಎದೆ ನಿಂತಿತು. ವ್ಯಾನು ಮುಂದೆ ಹೋಯಿತು. ಎದೆ ಮತ್ತೆ ಏರಿತು.

ಲಾಂಟೆ ಬೀದಿಗೆ ಓಡಿದ. ಜನಜಾತ್ರೆ. ಆಂಬುಲೆನ್ಸ್ ಬರುವ ದಾರಿಯೇ ಇಲ್ಲ. ವ್ಯಾನಿನ ಕಿಟಕಿ ಬಡಿದ. ಡ್ರೈವರ್ ಹಲ್ಲು ಕಿರಿದ. "ಚಾಲೆ, ಗೆಳೆಯಾ, ಇನ್ನೂ ಜೋರು ಮಾಡ್ಲಾ?" ಲಾಂಟೆ ವೈರು ಕಿತ್ತ. ಮೌನ. ಪಕ್ಕದ ಓಣಿಯಿಂದ ಅದೇ ದನಿ. ಅಲ್ಲಿಗೆ ಓಡಿದ. ಅದನ್ನೂ ಕಿತ್ತ. ಮೀನುಪೇಟೆಯಿಂದ ಅದೇ ದನಿ. ಎಷ್ಟು ಕಳಿಸಿದ್ದೆ ಎಂಬುದೇ ಅವನಿಗೆ ನೆನಪಿರಲಿಲ್ಲ.

ಅಳುತ್ತಾ ಹಿಂದಿರುಗಿದಾಗ ಬಾಗಿಲಲ್ಲಿ ಸೋವಾ ನಿಂತಿದ್ದ. ಜನ ಅವನ ಮೇಲೆ ಮೀನಿನ ತಲೆ ಎಸೆದಿದ್ದರು, ಅಂಗಿಯೆಲ್ಲ ರಾಡಿ. ಒಳಗೆ ಬಂದು ಅಯಿಕುವನ್ನು ಹೆಗಲಿಗೆ ಹಾಕಿಕೊಂಡ. "ದಡಕ್ಕೆ," ಅಂದ. "ಇವನೇ ಬಿಡಿಸ್ಬೇಕು."

"ಶಾಪ ನಿಂಗೆ ಹಾಕಿದ್ದು. ಇವನಿಗ್ಯಾಕೆ ತಗುಲ್ತು?"

"ಓಡಿದ್ದು ನಾನಲ್ಲ." ಸೋವಾ ಏದುಸಿರು ಬಿಡುತ್ತಾ ನಡೆದ. "ಇವನ ತಲೆ ಒಳಗೆ ಏನೋ ಆಗಿದೆ. ಕೈ ನಡುಗತ್ತೆ, ಒಂದು ಕಣ್ಣು ಮಂಜು. ಇನ್ನೊಂದು ಪಂದ್ಯ ಆಡಿದ್ರೆ ಉಳಿಯಲ್ಲ ಅಂತ ಡಾಕ್ಟರು ಹೇಳಿದಾರೆ. ನನ್ನ ಹತ್ರ ಬಂದು, ಪಂದ್ಯ ನೀನೇ ತಪ್ಪಿಸು ಅಂದ. ತಪ್ಪಿಸ್ದೆ. ಭುಜ ಅಂದೆ, ಹೆರಿಗೆ ಅಂದೆ. ನಿನ್ನ ಬೈಗುಳ ಎಲ್ಲಾ ನುಂಗ್ದೆ. ಇವತ್ತು ವ್ಯಾನಿನಲ್ಲಿ ಶಾಪ ಕೇಳಿದ್ದೇ ಅದು ಯಾರಿಗೆ ತಗುಲತ್ತೆ ಅಂತ ಗೊತ್ತಾಯ್ತು."

ಲಾಂಟೆ ಜೋಲುತ್ತಿದ್ದ ಅಣ್ಣನ ತಲೆಯನ್ನು ಎತ್ತಿ ಹಿಡಿದು ಜೊತೆಗೆ ಓಡಿದ.

ದಡದಲ್ಲಿ ನಾ ಶೋರ್ಮೆ ಆಗಲೇ ಕಾದಿದ್ದಳು. ಕಣ್ಣು ಮೇಲೆ ಸಿಕ್ಕಿಕೊಂಡಿತ್ತು. ಅವಳ ಬಾಯಿಂದ ಬಂದ ದನಿ ಅವಳದಲ್ಲ.

ಸೋವಾ ಕೆಸರಲ್ಲಿ ಮೊಣಕಾಲೂರಿದ. "ಓಡಿದ್ದು ನಾನು ತಾಯಿ. ನನ್ನ ತಗೋ."

"ಸುಳ್ಳು."

ಲಾಂಟೆ ಅವನ ಪಕ್ಕ ಬಿದ್ದ. "ಮಾತು ನಂದು ತಾಯಿ. ಹೇಳಿಸಿದ್ದು ನಾನು. ನನ್ನ ನಾಲಿಗೆ ಕಟ್ಟು."

"ನಂಗೆ ಕೇಳಿದ್ದು ಅವನ ದನಿ. ಅವನೇ ಬಿಡಿಸ್ಲಿ."

ಶಾಪ ಬಿಡಿಸಲು ಒಡೆಯಬೇಕಾದ ಇನ್ನೊಂದು ಮೊಟ್ಟೆಯನ್ನು ಅಯಿಕುವಿನ ಕೈಯಲ್ಲಿ ಇಟ್ಟರು. ಕೈ ನಡುಗಿತು. "ಬಿಡು ಅನ್ನಣ್ಣ," ಲಾಂಟೆ ಅವನ ಗಲ್ಲ ಹಿಡಿದು ಬೇಡಿದ. "ಒಂದೇ ಮಾತು. ಬಿಡು ಅನ್ನು." ಅಯಿಕು ಬಾಯಿ ತೆರೆದ. ಕೊರಳ ನರ ಉಬ್ಬಿತು. ಗೊರಗೊರ. ಮತ್ತೆ ತೆರೆದ. ಕಣ್ಣಲ್ಲಿ ನೀರು. ಮಾತಿಲ್ಲ. ಮೊಟ್ಟೆ ಕೈಜಾರಿ ಕೆಸರಲ್ಲಿ ಬಿತ್ತು. ಒಡೆಯಲಿಲ್ಲ.

ಆಗ ಸಂತೆಯ ಕಡೆಯಿಂದ, ಲಾಂಟೆಗೆ ಸಿಗದೆ ಉಳಿದ ಯಾವುದೋ ವ್ಯಾನಿನಿಂದ, ಅಯಿಕುವಿನ ತುಂಬು ದನಿ ನೀರಿನ ಮೇಲೆ ತೇಲಿ ಬಂತು. ಸೋವಾ ಎರಡೂ ಅಂಗೈಯಿಂದ ಗೆಳೆಯನ ಕಿವಿ ಮುಚ್ಚಿದ. ಎದೆ ನಿಂತಿತು. ಕಾದರು. ಮತ್ತೆ ಏರಲಿಲ್ಲ.

ನಾ ಶೋರ್ಮೆ ನೆಲಕ್ಕೆ ಕುಸಿದು ತನ್ನದೇ ದನಿಯಲ್ಲಿ ಅಳತೊಡಗಿದಳು. ಸೋವಾ ಅಂಗಿಯ ಚುಂಗಿನಿಂದ ಅಯಿಕುವಿನ ಮುಖದ ಕೆಸರು ಒರೆಸಿದ.

"ನಿನ್ನ ಹತ್ರ ಹೇಳ್ದ," ಎಂದ ಲಾಂಟೆ. "ನಾನು ಒಡಹುಟ್ಟಿದವನು. ನನ್ನ ಹತ್ರ ಯಾಕೆ ಹೇಳ್ಲಿಲ್ಲ?"

"ನನ್ನ ಗುದ್ದಿಗೆ ಅವನು ಯಾವತ್ತೂ ಹೆದರ್ಲಿಲ್ಲ ಕಣೋ." ಸೋವಾ ಅವನತ್ತ ತಿರುಗಲಿಲ್ಲ. "ಲಾಂಟೆಗೆ ಮಾತ್ರ ಗೊತ್ತಾಗ್ಬಾರ್ದು ಅಂದ. ಆಮೇಲೆ ಅವನ ಮುಖ ನೋಡೋಕೆ ನನ್ನಿಂದ ಆಗಲ್ಲ ಅಂದ."

ಲಾಂಟೆ ಕೆಸರುಗೈಯಲ್ಲೇ ಮುಖ ಮುಚ್ಚಿಕೊಂಡ.